ಬೇಗಂಪೇಟೆಯ ಬಿಸಿಲೂ ನಾಲ್ಕು ಕೌದಿಗಳೂ

ಕಲಬುರಗಿ ಸೀಮೆಯ ಕನ್ನಡಿಗರಿಗೆ ಬೇಗಂಪೇಟೆ ಎಂದರೆ ಮೊದಲು ರೈಲು ನಿಲ್ದಾಣ, ಉಳಿದದ್ದೆಲ್ಲ ಆಮೇಲೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿದ್ದ ಮೇಲೆ ನಮ್ಮ ಕಡೆಯವರಿಗೆ ಪಟ್ಟಣದ ದಾರಿ ಸುಲಭವಾಯಿತು. ಚಿತ್ತಾಪುರ, ನೃಪತುಂಗನ ಮಾನ್ಯಖೇಟವಾದ ಮಳಖೇಡ, ಸೇಡಂ, ತಾಂಡೂರು, ವಿಕಾರಾಬಾದು ಇವನ್ನೆಲ್ಲ ದಾಟಿ ಗಾಡಿ ಬೇಗಂಪೇಟೆಗೆ ಬರುವ ಹೊತ್ತಿಗೆ ಜೋಳದ ರೊಟ್ಟಿಯ ಗಂಟು ಹಗುರಾಗಿರುತ್ತದೆ, ಹಾಸಿಗೆಯ ಗಂಟು ಮಾತ್ರ ಹಾಗೆಯೇ ಇರುತ್ತದೆ. ಆಸ್ಪತ್ರೆಗೆಂದು ಬಂದವರು, ಪರೀಕ್ಷೆಗೆಂದು ಬಂದವರು, ಕೆಲಸ ಹುಡುಕಲು ಬಂದವರು, ಎಲ್ಲರೂ ಹೆಗಲ ಮೇಲೆ ಒಂದು ಕೌದಿ ಹೊತ್ತು ಇಲ್ಲಿ ಇಳಿದದ್ದನ್ನು ನಾವು ಚಿಕ್ಕಂದಿನಿಂದಲೂ ಕಂಡಿದ್ದೇವೆ. 1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಾಡುಗಳು ಬೇರೆಯಾದವು, ಬಂದುಹೋಗುವ ನೆಂಟರು ಕಡಿಮೆಯಾಗಲಿಲ್ಲ.

ಬೇಗಂಪೇಟೆಗೆ ಆ ಹೆಸರು ಬಂದದ್ದು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಮಗಳು ಬಶೀರುನ್ನಿಸಾ ಬೇಗಮಳಿಂದ ಎಂದು ಹೇಳುತ್ತಾರೆ. ಪೈಗಾ ಮನೆತನಕ್ಕೆ ಅವಳನ್ನು ಕೊಟ್ಟು ಮದುವೆ ಮಾಡಿದಾಗ ಈ ನೆಲ ಬಳುವಳಿಯಾಗಿ ಹೋಯಿತಂತೆ. ಆ ನವಾಬರ ಕಾಲದ ಗುರುತುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಪೈಗಾ ಅರಮನೆ ಇದೆ. ನವಾಬ್ ಇಕ್ಬಾಲ್-ಉದ್-ದೌಲಾ ಸ್ಪೇನ್ ದೇಶವನ್ನು ನೋಡಿಬಂದು ಕಟ್ಟಲು ತೊಡಗಿ, 1906ರಲ್ಲಿ ಪೂರ್ಣಗೊಂಡ ಸ್ಪ್ಯಾನಿಷ್ ಮಸೀದಿ ಇದೆ. ನಮ್ಮಲ್ಲಿ ವಾಡಿಕೆಯಾಗಿ ಕಾಣುವ ಗುಮ್ಮಟದ ಬದಲು ಅದರ ಮೇಲೆ ಚೂಪಾದ ಗೋಪುರಗಳಿವೆ. ಹಳೆಯ ವಿಮಾನ ನಿಲ್ದಾಣದ ಹತ್ತಿರವೇ ಒಂದು ಹಳೆಯ ಕಟ್ಟಡವುಂಟು. ಡಾಕ್ಟರ್ ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಾಣುವನ್ನು ಕಂಡದ್ದು ಅಲ್ಲಿ. ವಿಮಾನ ನಿಲ್ದಾಣವಂತೂ 2008ರ ಮಾರ್ಚಿಯಲ್ಲಿ ಶಂಷಾಬಾದಿನ ಹೊಸ ನಿಲ್ದಾಣ ತೆರೆದ ಮೇಲೆ ಸಾರ್ವಜನಿಕ ಪ್ರಯಾಣಕ್ಕೆ ಮುಚ್ಚಿತು. ಅದಕ್ಕೆ ಮೊದಲು ನಮ್ಮ ಮನೆಗೆ ಬಂದ ನೆಂಟರ ಮಕ್ಕಳಿಗೆ ತಾರಸಿಯೇ ಜಾತ್ರೆಯಾಗಿತ್ತು. ಕೈಚಾಚಿದರೆ ಸಿಗುವಷ್ಟು ಕೆಳಗೆ ವಿಮಾನಗಳು ಹಾದುಹೋಗುತ್ತಿದ್ದವು.

ಇಷ್ಟು ವೈಭವದ ನಡುವೆ ಒಂದು ನಾಲೆಯೂ ಹರಿಯುತ್ತದೆ. ಬೇಗಂಪೇಟೆಯ ತಗ್ಗಿನ ಮನೆಗಳವರಿಗೆ ನವಾಬರಿಗಿಂತ ಈ ನಾಲೆಯ ಪರಿಚಯ ಹೆಚ್ಚು. 2000ನೆಯ ಇಸವಿಯ ಆಗಸ್ಟ್ 24ರಂದು ಒಂದೇ ದಿನದಲ್ಲಿ ಸುಮಾರು 24 ಸೆಂಟಿಮೀಟರ್ ಮಳೆ ಸುರಿದಾಗ ನೀರು ನಮ್ಮ ಮನೆಯೊಳಗೂ ಬಂತು. ಅಕ್ಕಿಯ ಚೀಲ, ಹಾಸಿಗೆ, ಪುಸ್ತಕಗಳ ಜೊತೆಗೆ ಮಂಚದ ಕೆಳಗಿನ ಕಬ್ಬಿಣದ ಟ್ರಂಕೂ ನೆನೆಯಿತು. ಟ್ರಂಕಿನಲ್ಲಿ ಎರಡು ವಸ್ತುಗಳಿದ್ದವು: ಅಜ್ಜಿಯ ಸೀರೆಗಳು ಮತ್ತು ಮನೆತನದ ಒಂದೇ ಒಂದು ಆಲ್ಬಮ್. ಸೀರೆಗಳನ್ನು ಒಗೆದು ಹರವಿದರೆ ಮೊದಲಿನಂತೆಯೇ ಆದವು. ಆಲ್ಬಮಿನ ಹಾಳೆಗಳು ಒಂದಕ್ಕೊಂದು ಅಂಟಿದವು. ಬಿಡಿಸಿದಾಗ ಕೆಲವರ ಮುಖ ಎದುರಿನ ಹಾಳೆಗೇ ಹೋಯಿತು. ಕಾಗದಕ್ಕಿಂತ ಬಟ್ಟೆ ಗಟ್ಟಿ ಎಂಬ ಪಾಠವನ್ನು ನಾವು ಆ ದಿನ ಕಲಿತೆವು. ಅದು ಉಪಯೋಗಕ್ಕೆ ಬರಲು ಇಪ್ಪತ್ತಮೂರು ವರ್ಷ ಬೇಕಾಯಿತು.

ಕೌದಿಯ ವಿಷಯವಾಗಿ ನಮ್ಮ ವಾಚಕರಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹಳೆಯ ಸೀರೆ, ಧೋತರ, ಅಂಗಿಗಳನ್ನು ನಾಲ್ಕೈದು ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಒತ್ತೊತ್ತಾಗಿ ಸಾಲು ಹೊಲಿಗೆ ಹಾಕಿದರೆ ಕೌದಿ. ಮರಾಠಿಯವರು ಇದನ್ನು ಗೋಧಡಿ ಎನ್ನುತ್ತಾರೆ, ಇಲ್ಲಿಯ ತೆಲುಗರು ಬೊಂತ ಎನ್ನುತ್ತಾರೆ, ಬಂಗಾಳದವರ ಕಾಂಥಾ ಇದರ ಬಂಧುವೇ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ಈಗ ಹೊರದೇಶದವರೂ ಬಂದು ನೋಡುತ್ತಾರೆ. ಮೂಲೆಗಳಿಗೆ ಮಡಿಚಿ ಹೊಲಿದ ಸಣ್ಣ ಹೂವುಗಳಿಲ್ಲದೆ ಅವರಲ್ಲಿ ಕೌದಿ ಮುಗಿದ ಲೆಕ್ಕವಲ್ಲ. ಅಂಗಡಿಯ ರಗ್ಗಿಗೆ ಇಲ್ಲದ ಒಂದು ಗುಣ ಕೌದಿಗೆ ಉಂಟು. ಅದರ ಪ್ರತಿ ತುಂಡಿಗೂ ಒಬ್ಬ ಒಡೆಯನಿರುತ್ತಾನೆ. ಇದು ಅಜ್ಜನ ರುಮಾಲು, ಇದು ಅತ್ತೆಯ ಮದುವೆಯ ಕುಪ್ಪಸ, ಇದು ತಮ್ಮನ ಶಾಲೆಯ ಅಂಗಿ ಎಂದು ಮುದುಕಿಯರು ಕತ್ತಲಲ್ಲಿಯೂ ಕೈಯಾಡಿಸಿ ಹೇಳಬಲ್ಲರು. ಆ ಮುದುಕಿಯರು ಹೋದ ಮೇಲೆ ಹೇಳುವವರು ಯಾರು? ನಮ್ಮ ಮಕ್ಕಳಿಗೆ ರುಮಾಲೂ ಒಂದೇ, ಪರದೆಯೂ ಒಂದೇ.

ಈ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದದ್ದು 2023ರಲ್ಲಿ. ಚಿತ್ತಾಪುರ ತಾಲ್ಲೂಕಿನ ನಮ್ಮ ಹಿರಿಯರ ಮನೆಯನ್ನು 2016ರಲ್ಲಿಯೇ ಮಾರಿ ಆಗಿತ್ತು. ಅಪ್ಪ, ಕಾಕಾ, ಇಬ್ಬರು ಅತ್ತೆಯರು, ಹೀಗೆ ನಾಲ್ಕು ಪಾಲು. ಹಣ ಹಂಚುವುದು ಸುಲಭ. ಹಂಡೆ, ಒಳಕಲ್ಲು, ತೊಲೆಗಳ ಹಂಚಿಕೆಯಲ್ಲಿ ಒಂದು ಮಾತಿಗೆ ಎರಡು ಮಾತು ಬೆಳೆಯಿತು. ಅಂದಿನಿಂದ ಅಪ್ಪನಿಗೂ ಕಾಕಾನಿಗೂ ಮಾತು ನಿಂತಿತ್ತು. ಮದುವೆ ಮುಂಜಿಗಳಲ್ಲಿ ಎದುರಾದರೆ ಒಬ್ಬರು ಊಟದ ಸಾಲಿನ ಈ ತುದಿ, ಇನ್ನೊಬ್ಬರು ಆ ತುದಿ. ಆಲ್ಬಮೂ ಸೀರೆಗಳೂ ನಮ್ಮಲ್ಲಿದ್ದವು. ಅವುಗಳಲ್ಲಿ ತನ್ನ ಪಾಲೆಲ್ಲಿ ಎಂದು ಕಾಕಾ ಇನ್ನೊಬ್ಬರ ಬಾಯಿಂದ ಕೇಳಿಸಿದ್ದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಒಂದು ಆಲ್ಬಮನ್ನು ನಾಲ್ಕು ಮಾಡುವುದು ಹೇಗೆ?

ಫೋಟೋಗಳನ್ನು ಬಟ್ಟೆಯ ಮೇಲೆ ತೆಗೆಸಿ, ಅಜ್ಜಿಯ ಸೀರೆಗಳೊಡನೆ ಸೇರಿಸಿ ನಾಲ್ಕು ಕೌದಿ ಹೊಲಿದರೆ ಆಗದೇ ಎಂದವರು ನಮ್ಮ ಶ್ರೀಮತಿಯವರು. ಮನೆಯನ್ನು ನಾಲ್ಕು ಮಾಡಿದರೆ ಯಾರಿಗೂ ಮನೆ ಉಳಿಯುವುದಿಲ್ಲ. ಚಿತ್ರವನ್ನು ನಾಲ್ಕು ಮಾಡಿದರೆ ನಾಲ್ವರಿಗೂ ಇಡೀ ಚಿತ್ರ ಸಿಗುತ್ತದೆ. ಈ ಮಾತು ನಮಗೆ ಒಪ್ಪಿಗೆಯಾಯಿತು.

ಮೊದಲು ಹತ್ತಿರದ ಅಂಗಡಿಗಳನ್ನು ಸುತ್ತಿದೆವು. ಕಪ್ಪು, ದಿಂಬು, ಗಡಿಯಾರಗಳ ಮೇಲೆ ಮುಖ ಅಚ್ಚೊತ್ತುವ ಅಂಗಡಿ ಈಗ ಪ್ರತಿ ಬೀದಿಗೂ ಒಂದುಂಟು. ಅಲ್ಲಿಯ ವಿಧಾನ ಹೀಗೆ: ವಿಶೇಷವಾದ ಶಾಯಿಯಿಂದ ಚಿತ್ರವನ್ನು ಕಾಗದದ ಮೇಲೆ ತೆಗೆದು, ಅದನ್ನು ಬಟ್ಟೆಗೆ ತಾಗಿಸಿ, ಸುಮಾರು 200 ಡಿಗ್ರಿ ಶಾಖದಲ್ಲಿ ಒಂದು ನಿಮಿಷದಷ್ಟು ಹೊತ್ತು ಒತ್ತುತ್ತಾರೆ, ಶಾಯಿ ಆವಿಯಾಗಿ ನೂಲಿನೊಳಗೆ ಸೇರುತ್ತದೆ. ಆದರೆ ಅದು ಸೇರುವುದು ಪಾಲಿಯೆಸ್ಟರ್ ನೂಲಿಗೆ ಮಾತ್ರ. ಹತ್ತಿಯಲ್ಲಿ ಅದು ನಿಲ್ಲುವುದಿಲ್ಲ, ಒಗೆದರೆ ಹೋಗುತ್ತದೆ. ಹತ್ತಿಗೆ ಇನ್ನೊಂದು ದಾರಿಯಿದೆ. ಪ್ಲಾಸ್ಟಿಕ್ಕಿನ ತೆಳು ಪೊರೆಯ ಮೇಲೆ ಚಿತ್ರ ಮೂಡಿಸಿ ಅದನ್ನು ಬಿಸಿಯಿಂದ ಅಂಟಿಸುವುದು. ಅದಕ್ಕೆ ಸೂಜಿ ಹಾಕಿದರೆ ತೂತು ಹಾಗೆಯೇ ಉಳಿಯುತ್ತದೆ, ಕೆಲವು ಒಗೆತವಾದ ಮೇಲೆ ಸೀಳು ಬಿಡುತ್ತದೆ. ದೊಡ್ಡ ಕಾರಖಾನೆಗಳು ಹತ್ತಿಯ ಮೇಲೆ ನೇರವಾಗಿ ಮುದ್ರಿಸಿ, ಹಬೆಯಲ್ಲಿಟ್ಟು, ತೊಳೆದು ಬಣ್ಣವನ್ನು ಗಟ್ಟಿಮಾಡುವುದುಂಟು; ನಮ್ಮ ನಲವತ್ತೆಂಟು ತುಂಡುಗಳಿಗಾಗಿ ಯಂತ್ರ ಹೂಡುವವರಾರು? ಅಜ್ಜಿಯ ಇಳಕಲ್ಲು ಸೀರೆಗಳ ಪಕ್ಕದಲ್ಲಿ ಮಿರುಗುವ ಪಾಲಿಯೆಸ್ಟರ್ ಮುಖಗಳನ್ನು ಹೊಲಿಯಲು ಮನಸ್ಸಾಗಲಿಲ್ಲ.

ದಾರಿ ತೋರಿಸಿದ್ದು ನಮ್ಮ ಕಚೇರಿಯ ಹಳೆಯ ಬೀರು. ಅದರಲ್ಲಿ ಕಟ್ಟಡಗಳ ನೀಲನಕ್ಷೆಗಳ ಸುರುಳಿಗಳುಂಟು. ಕಡುನೀಲಿಯ ಮೇಲೆ ಬಿಳಿಯ ಗೆರೆ. ಯೋಜನೆಗೆಲ್ಲ ನಾವು ಈಗಲೂ ನೀಲನಕ್ಷೆ ಎನ್ನುತ್ತೇವಲ್ಲ, ಆ ಮಾತು ಹುಟ್ಟಿದ್ದು ಈ ಕಾಗದಗಳಿಂದ. ಇಂಗ್ಲೆಂಡಿನ ಖಗೋಲಜ್ಞ ಸರ್ ಜಾನ್ ಹರ್ಷಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪ್ ಎಂಬ ಬಿಸಿಲಿನ ಮುದ್ರಣವೇ ಅದು. ಮರುವರ್ಷವೇ ಅನ್ನಾ ಅಟ್ಕಿನ್ಸ್ ಎಂಬಾಕೆ ಸಮುದ್ರದ ಪಾಚಿಗಳ ಅಚ್ಚನ್ನು ಹೀಗೆಯೇ ತೆಗೆದು ಪುಸ್ತಕ ಮಾಡಲಾರಂಭಿಸಿದಳು. ಛಾಯಾಚಿತ್ರಗಳಿರುವ ಮೊದಲ ಪುಸ್ತಕ ಅದೆಂದು ಎಣಿಸುತ್ತಾರೆ. ಹಿಂದೆ ಇಂಜಿನಿಯರರ ಕಚೇರಿಗಳಲ್ಲಿ ನಕ್ಷೆಯ ಪ್ರತಿ ತೆಗೆಯುತ್ತಿದ್ದದ್ದು ಇದೇ ಕ್ರಮದಿಂದ. ಇದಕ್ಕೆ ಕತ್ತಲ ಕೋಣೆಯ ಯಂತ್ರವಾಗಲಿ ವಿದ್ಯುತ್ತಾಗಲಿ ಬೇಡ. ಕಾಗದವಾದರೂ ಸರಿ, ಹತ್ತಿಯ ಬಟ್ಟೆಯಾದರೂ ಸರಿ. ಬಣ್ಣ ನೂಲಿನೊಳಗೇ ಕೂಡುವುದರಿಂದ ಬಟ್ಟೆ ಮೆತ್ತಗೇ ಇರುತ್ತದೆ, ಸೂಜಿಗೆ ಅಡ್ಡಿಯಾಗುವುದಿಲ್ಲ.

ಫೋಟೋದ ಮಾತು ಬಂದಾಗ ಈ ಊರಿನಲ್ಲಿದ್ದುಕೊಂಡು ಲಾಲಾ ದೀನ್‌ದಯಾಳರನ್ನು ನೆನೆಯದಿರುವುದು ನ್ಯಾಯವಲ್ಲ. 1844ರಲ್ಲಿ ಮೀರತ್ತಿನ ಹತ್ತಿರದ ಸರಧನಾದಲ್ಲಿ ಹುಟ್ಟಿದ ಅವರು ರೂರ್ಕಿಯಲ್ಲಿ ಓದಿ, 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ಅಂದಾಜುಪಟ್ಟಿ ಮತ್ತು ನಕ್ಷೆಗಳ ಕೆಲಸಕ್ಕೆ ಸೇರಿದರು; ಎಂದರೆ ನಮ್ಮಂತೆಯೇ ಕಡತದ ಮನುಷ್ಯರು. ಕಚೇರಿಯ ನಡುವೆ ಕ್ಯಾಮರಾ ಹಿಡಿದರು. ಆಮೇಲೆ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದು, ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕರಾಗಿ ರಾಜಾ ಎಂಬ ಬಿರುದು ಪಡೆದರು. ಪರದೆಯ ಹೆಂಗಸರಿಗಾಗಿ 1892ರಲ್ಲಿ ಹೈದರಾಬಾದಿನಲ್ಲಿ ಒಂದು ಜನಾನಾ ಸ್ಟುಡಿಯೋವನ್ನೇ ಏರ್ಪಡಿಸಿದ್ದರು. ಅಲ್ಲಿ ಫೋಟೋ ತೆಗೆಯುತ್ತಿದ್ದವಳೂ ಹೆಂಗಸೇ. 1905ರಲ್ಲಿ ಅವರು ತೀರಿಕೊಂಡರು. ಅವರ ಎರಡು ಸಾವಿರದ ಎಂಟುನೂರಕ್ಕೂ ಮಿಕ್ಕ ಗಾಜಿನ ಫಲಕಗಳನ್ನು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಕಾಪಾಡಿಕೊಂಡು ಬಂದಿದೆ. ನವಾಬರ ಮುಖಗಳನ್ನು ಕಾಯಲು ಕೇಂದ್ರಗಳಿವೆ. ಚಿತ್ತಾಪುರದ ಒಕ್ಕಲಿಗನ ಮುಖವನ್ನು ಕಾಯಬೇಕಾದವರು ಅವನ ಮನೆಯವರೇ.

ಆಲ್ಬಮಿನಲ್ಲಿ ಉಳಿದಿದ್ದ ಚಿತ್ರಗಳಲ್ಲಿ ಹನ್ನೆರಡನ್ನು ಆರಿಸಿದೆವು. ಅವುಗಳಲ್ಲಿ ಒಂದು 1963ರದು. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ತೆಗೆಸಿದ್ದು. ಹಲಗೆಯ ಮೇಲೆ ಬರೆದ ವಿಮಾನದೊಳಗೆ ಹತ್ತು ವರ್ಷದ ಅಪ್ಪ ಮುಂದೆ, ಆರು ವರ್ಷದ ಕಾಕಾ ಹಿಂದೆ ಕುಳಿತಿದ್ದಾರೆ. ಇಬ್ಬರೇ ಇರುವ ಫೋಟೋ ಅದೊಂದೇ.

ಇನ್ನು ಕೆಲಸದ ಕ್ರಮ. ಫೋಟೋವನ್ನು ಸ್ಕ್ಯಾನ್ ಮಾಡಿಸಿ, ಕಪ್ಪು ಬಿಳಿ ಅದಲುಬದಲು ಮಾಡಿ, ಬೇಕಾದ ಅಳತೆಯಲ್ಲಿ ಪಾರದರ್ಶಕ ಹಾಳೆಯ ಮೇಲೆ ತೆಗೆಸಬೇಕು. ಹಾಳೆ ಬಟ್ಟೆಗೆ ತಾಗಿಯೇ ಅಚ್ಚಾಗುವುದರಿಂದ ಹಾಳೆ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ. ನಮ್ಮದು 8 ಅಂಗುಲಕ್ಕೆ 10 ಅಂಗುಲ. ಝೆರಾಕ್ಸ್ ಅಂಗಡಿಯ ಮುದ್ರಣದಲ್ಲಿ ಕಪ್ಪು ಸಾಲದಾಗುವುದುಂಟು. ಒಂದೇ ಚಿತ್ರದ ಎರಡು ಹಾಳೆಗಳನ್ನು ಒಂದರ ಮೇಲೊಂದು ಸರಿಯಾಗಿ ಕೂಡಿಸಿದರೆ ಆ ಕೊರತೆ ನೀಗುತ್ತದೆ. ಬಟ್ಟೆ ಬಿಳಿಯ ಹತ್ತಿಯದಾಗಿರಬೇಕು; ಗಂಜಿ ಪೂರಾ ಹೋಗುವಂತೆ ತೊಳೆದು, ಸಾಬೂನಿನ ಅಂಶ ಉಳಿಯದಂತೆ ಜಾಲಿಸಬೇಕು.

ಔಷಧಿಗಳು ಎರಡು. 100 ಮಿಲಿಲೀಟರ್ ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್ ಒಂದು ಸೀಸೆಯಲ್ಲಿ. ಅಷ್ಟೇ ನೀರಿಗೆ 10 ಗ್ರಾಂ ಪೊಟಾಸಿಯಂ ಫೆರಿಸಯನೈಡ್ ಇನ್ನೊಂದು ಸೀಸೆಯಲ್ಲಿ. ಬೇಕಾದಾಗ ಎರಡನ್ನೂ ಸಮಪಾಲು ಬೆರೆಸಿ, ಮಂದ ಬೆಳಕಿನಲ್ಲಿ ಅಗಲ ಕುಂಚದಿಂದ ಬಟ್ಟೆಗೆ ಬಳಿದು, ಕತ್ತಲಲ್ಲಿಯೇ ಒಣಗಿಸಬೇಕು. ಕೈಗೆ ರಬ್ಬರಿನ ಚೀಲವಿರಲಿ, ಅಡಿಗೆಯ ಪಾತ್ರೆ ಚಮಚಗಳನ್ನು ಮುಟ್ಟಬಾರದು, ಮಕ್ಕಳಿಗೆ ಸಿಗುವಂತೆ ಇಡಬಾರದು. ಎರಡನೆಯ ಔಷಧಿಗೆ ಆಮ್ಲ ತಾಗಬಾರದು. ಬಟ್ಟೆ ಒಣಗಿದ ಮೇಲೆ ಹಲಗೆಯ ಮೇಲೆ ಹಾಸಿ, ಮೇಲೆ ಹಾಳೆ, ಅದರ ಮೇಲೆ ಗಾಜು ಒತ್ತಿ, ತಾರಸಿಗೆ ಒಯ್ಯುವುದು.

ಬೇಗಂಪೇಟೆಯ ಏಪ್ರಿಲ್ ಬಿಸಿಲನ್ನು ಬೈಯದವರಿಲ್ಲ. ಅದಕ್ಕೂ ಒಂದು ಉಪಯೋಗವಿರುವುದನ್ನು ಆ ತಿಂಗಳು ಕಂಡೆವು. ಹಳದಿ ಹಸಿರಾಗಿದ್ದ ಬಟ್ಟೆ ನೋಡನೋಡುತ್ತ ಕಪ್ಪಾಗಿ, ಹತ್ತು ಹನ್ನೆರಡು ನಿಮಿಷಕ್ಕೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಬಿಸಿಲು ತಾಗಿದಲ್ಲಿ ಕಬ್ಬಿಣದ ಉಪ್ಪು ಬದಲಾಗಿ ನೀಲಿಯಾಗುತ್ತದೆ; ನೆರಳಿದ್ದಲ್ಲಿಯದು ನೀರಿನಲ್ಲಿ ಕರಗಿಹೋಗುತ್ತದೆ. ಬಕೀಟಿನ ನೀರಿಗೆ ಅದ್ದಿ ಅಲ್ಲಾಡಿಸಿದಾಗ ಹಳದಿಯೆಲ್ಲ ಬಿಟ್ಟು, ಮೊದಲು ಹೆಗಲು, ಆಮೇಲೆ ರುಮಾಲು, ಕೊನೆಗೆ ಕಣ್ಣುಗಳು, ಹೀಗೆ ನಮ್ಮ ಮುತ್ತಜ್ಜ ನೀರಿನೊಳಗಿಂದ ಎದ್ದುಬಂದ. ನಾವು ಹುಟ್ಟುವ ಮೊದಲೇ ತೀರಿಕೊಂಡವನು. ನಮ್ಮ ಅವ್ವ ಇಣುಕಿ ನೋಡಿ, "ಎಲ್ಲಾರೂ ಕೃಷ್ಣ ಪರಮಾತ್ಮ ಆಗ್ಯಾರಲ್ಲ!" ಎಂದಳು. ನೀಲಿಯ ಹೊರತು ಬೇರೆ ಬಣ್ಣ ಇದರಲ್ಲಿಲ್ಲ. ಒಂದು ದಿನ ಗಾಳಿಗೆ ಬಿಟ್ಟಾಗ ಆ ನೀಲಿ ಇನ್ನೂ ಗಾಢವಾಯಿತು.

ವಿಘ್ನ ಬಂದದ್ದು ಸೇಡಮಿನಿಂದ. ದೊಡ್ಡತ್ತೆ ಫೋನಿನಲ್ಲಿ ಎಲ್ಲವನ್ನೂ ಕೇಳಿ, "ಅಲ್ಲೋ ತಮ್ಮಾ, ಹಿರ್ಯಾರ ಮಾರಿ ಮ್ಯಾಲ ಕಾಲು ಚಾಚಿ ಮಲಗ್ತೀರೇನು?" ಎಂದರು. ನಾವು ಬಿ. ಎ. ಓದಿದ್ದರೂ ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಪಶ್ಚಿಮದ ಪುಸ್ತಕಗಳಲ್ಲಿ ಇಂಥ ಹೊದಿಕೆಗಳ ವಿಷಯ ಬೇಕಾದಷ್ಟಿದೆ. ಕಾಲಿನ ಮಾತನ್ನು ಅಲ್ಲಿ ಯಾರೂ ಎತ್ತಿದಂತಿಲ್ಲ. ನಮ್ಮವರಿಗೆ ಪುಸ್ತಕಕ್ಕೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳುವ ರೂಢಿ. ಗೋಡೆಗೆ ತೂಗಹಾಕೋಣ ಎಂದರೆ ಕೌದಿ ಕೌದಿಯಾಗಿ ಉಳಿಯುವುದಿಲ್ಲ. ಎರಡು ದಿನ ಕೆಲಸ ನಿಂತಿತು. ಕೊನೆಗೆ ದೊಡ್ಡತ್ತೆಯವರೇ ಏರ್ಪಾಡು ಹೇಳಿದರು. ಮುಖಗಳೆಲ್ಲ ತಲೆಯ ಕಡೆಗೆ ಇರಬೇಕು. ನಡುವೆ ಮನೆ, ಬಾಗಿಲು, ಬಾವಿಕಟ್ಟೆ, ಎತ್ತಿನ ಜೋಡಿ. ಕಾಲಿನ ಕಡೆ ಬರೀ ಸೀರೆಯ ಪಟ್ಟಿಗಳು. ತಲೆಯ ಕಡೆ ಯಾವುದೆಂದು ಕತ್ತಲಲ್ಲಿಯೂ ತಿಳಿಯುವಂತೆ ಆ ಅಂಚಿಗೆ ಕೆಂಪು ಸೆರಗು ಹಾಕಬೇಕು. ದೇವರ ಚಿತ್ರ ಒಂದೂ ಬೇಡ. ಇದನ್ನು ಹಾಗೆಯೇ ನಡೆಸಿದೆವು. ಹೊದ್ದುಕೊಳ್ಳಲು ಮಾತ್ರ, ಹಾಸಿಕೊಳ್ಳಲು ಅಲ್ಲ ಎಂಬ ಕಟ್ಟಳೆಯೂ ಸೇರಿತು.

ಸೀರೆಗಳು ಹದಿನಾಲ್ಕು ಇದ್ದವು. ಅವನ್ನು ಕತ್ತರಿಸುವ ದಿನ ನಾಲ್ಕೂ ಮನೆಯವರು ಎದುರಿಗೆ ಇರಲಿ, ನಾಳೆ ಮಾತು ಬರಬಾರದು ಎಂದು ಅವ್ವ ಹಟ ಹಿಡಿದಳು. ಅತ್ತೆಯರಿಬ್ಬರೂ ಬಂದರು. ಕಾಕಾ ಬರುತ್ತಾರೆಂಬ ನಂಬಿಕೆ ನಮಗೆ ಇರಲಿಲ್ಲ. ಬೆಳಗಿನ ಗಾಡಿಗೆ ಬೇಗಂಪೇಟೆಯಲ್ಲಿ ಇಳಿದು, ಕರೆಯಲು ಹೋದ ನಮ್ಮೊಡನೆ ಮಾತಿಲ್ಲದೆ ನಡೆದು ಬಂದು, ಚಪ್ಪಲಿ ಬಿಟ್ಟು ಒಳಗೆ ಕುಳಿತರು. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಪತ್ರಿಕೆ ಹಿಡಿದಿದ್ದರು. ಅವ್ವ ಚಹಾ ಕೊಟ್ಟಳು. ನಮ್ಮ ಮಗಳು ಒಣಗಿದ ತುಂಡುಗಳನ್ನು ಚಾಪೆಯ ಮೇಲೆ ಒಂದೊಂದಾಗಿ ಹರವಿದಳು. ವಿಮಾನದ ಚಿತ್ರ ಬಂದಾಗ ಕಾಕಾ ಅದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು.

"ಈ ಇಮಾನ ನೀಲಿ ಇದ್ದಿದ್ದಿಲ್ಲ. ಕೆಂಪು ಇತ್ತು," ಎಂದರು, ಯಾರಿಗೆಂದಿಲ್ಲದೆ.

ಪತ್ರಿಕೆಯ ಹಿಂದಿನಿಂದ ಅಪ್ಪ, "ಹಸರು ಇತ್ತು," ಎಂದರು.

"ಕೆಂಪು ಇತ್ತಣ್ಣಾ."

"ಮುಂದ ಕೂತಾಂವ ನಾನು. ನನಗ ಗೊತ್ತಿಲ್ಲೇನು? ಹಸರು."

ಏಳು ವರ್ಷದ ಮೇಲೆ ಆಡಿದ ಮೊದಲ ಮಾತು ಇದು. ಮೂಲ ಫೋಟೋ ಕಪ್ಪು ಬಿಳುಪಿನದಾದ್ದರಿಂದ ತೀರ್ಪು ಕೊಡುವವರಿರಲಿಲ್ಲ. ಸಣ್ಣತ್ತೆ ಆಗ ಹುಟ್ಟಿರಲಿಲ್ಲ; ದೊಡ್ಡತ್ತೆ ಜಾತ್ರೆಗೆ ಬಂದಿದ್ದರೂ ಮಿಠಾಯಿಯ ಹೊರತು ಬೇರೆ ನೆನಪಿಲ್ಲವೆಂದರು. ವಾದ ಊಟದವರೆಗೂ ನಡೆಯಿತು, ಊಟದಲ್ಲಿಯೂ ನಡೆಯಿತು. ಹಂಡೆ ಒಳಕಲ್ಲುಗಳ ಮಾತು ಅಂದು ಏಳಲಿಲ್ಲ. ಆಮೇಲೆಯೂ ಪೂರಾ ಮರೆತರೆಂದು ನಾವು ಹೇಳಲಾರೆವು. ಆದರೆ ಮಧ್ಯಾಹ್ನ ಸೀರೆ ಹಿಡಿದೆಳೆದು ಹರಿಯುವಾಗ ಒಂದು ತುದಿ ಅಪ್ಪನ ಕೈಯಲ್ಲಿತ್ತು, ಇನ್ನೊಂದು ತುದಿ ಕಾಕಾನ ಕೈಯಲ್ಲಿತ್ತು.

ಹೊಲಿಗೆ ಮುಗಿಯಲು ಎರಡು ತಿಂಗಳು ಹಿಡಿಯಿತು. ಪ್ರತಿ ಕೌದಿ 7 ಅಡಿ ಉದ್ದ, 5 ಅಡಿ ಅಗಲ. ನಾಲ್ಕು ಪದರ, ಹನ್ನೆರಡು ಚಿತ್ರ. ಮುಖಗಳ ಮೇಲೆ ಹೊಲಿಗೆ ಹಾಯಬಾರದೆಂದು ಸುತ್ತ ಮಾತ್ರ ಹೊಲಿದು, ಉಳಿದೆಡೆ ಒತ್ತಾಗಿ ಸಾಲು ಹಾಕಿದರು. ಅತ್ತೆಯರು ಊರಿಗೆ ಹೋಗುವಾಗ ಅರ್ಧ ಹೊಲಿದದ್ದನ್ನೇ ಸುತ್ತಿಕೊಂಡು ಹೋಗಿ, ಅಲ್ಲಿ ಮುಗಿಸಿದರು.

ಹೀಗೆ ಮಾಡಬಯಸುವ ವಾಚಕರಿಗೆ ಕೊನೆಯದಾಗಿ ಒಂದೆರಡು ಮಾತು. ಈ ನೀಲಿಗೆ ಕ್ಷಾರವೆಂದರೆ ಆಗದು. ಸೋಡಾ, ಸವಳು, ಬಿಳುಪಿನ ಪುಡಿ ಯಾವುದನ್ನು ಹಾಕಿದರೂ ಮುಖಗಳು ಹಳದಿಗೆ ತಿರುಗಿ ಅಳಿಸಿಹೋಗುತ್ತವೆ; ಆದ್ದರಿಂದ ಅಗಸರಿಗೆ ಹಾಕದೆ, ಕ್ಷಾರವಿಲ್ಲದ ಮೃದುವಾದ ದ್ರವದಿಂದ ತಣ್ಣೀರಿನಲ್ಲಿ ಮನೆಯಲ್ಲಿಯೇ ಜಾಲಿಸಿ, ನೆರಳಿನಲ್ಲಿ ಒಣಗಿಸಬೇಕು. ಬಹಳ ಬಿಸಿಲು ಕಂಡು ಬಣ್ಣ ಮಾಸಿದರೆ ಹೆದರಬೇಕಾದ್ದಿಲ್ಲ. ಕೆಲವು ದಿನ ಕತ್ತಲಲ್ಲಿ ಗಾಳಿಯಾಡುವಂತೆ ಇಟ್ಟರೆ ನೀಲಿ ಬಹುಮಟ್ಟಿಗೆ ಮರಳಿ ಬರುತ್ತದೆ. ಮೂಲ ಫೋಟೋಗಳನ್ನು ಎಸೆಯಬಾರದು. ಪ್ರತಿ ಚಿತ್ರದ ಹಿಂದಿನ ಪದರದ ಮೇಲೆ ಅದರಲ್ಲಿರುವವರ ಹೆಸರು ಮತ್ತು ಇಸವಿಯನ್ನು ದಾರದಿಂದ ಹೊಲಿದಿಡಬೇಕು. ಹೇಳುವ ಹಿರಿಯರಿರುವಾಗಲೇ ಕೇಳಿ ಹೊಲಿಯಬೇಕು. ನಮ್ಮ ಹನ್ನೆರಡು ಚಿತ್ರಗಳಲ್ಲಿ ಮೂರರ ಹೆಸರುಗಳು ದೊಡ್ಡತ್ತೆಯೊಬ್ಬರಿಗೇ ಗೊತ್ತಿದ್ದವು.

ಮಳೆಗಾಲ ಬರುವ ಮೊದಲು ನಿಮ್ಮ ಮನೆಯ ಟ್ರಂಕನ್ನೂ ಒಮ್ಮೆ ತೆರೆದು ನೋಡಿರಿ.